ಬನ್ನಿ, ತೋಡಿಗೊಂದು ಕಟ್ಟ ಹಾಕೋಣ

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬರುತ್ತದೆ. ಆದರೂ ಮಾರ್ಚ್ ಬಂತೆಂದರೆ ಬಾವಿಯ ತಳ ಕಾಣುತ್ತದೆ, ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದ ನೀರೆಲ್ಲ ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ಮಳೆ ಬಿಟ್ಟ ಮೇಲೂ ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ, ಹರಿಯುವ ನೀರನ್ನಾದರೂ ನಿಲ್ಲಿಸಬಹುದು. ಅದಕ್ಕೇ ಕಟ್ಟ, ಅಂದರೆ ತೋಡಿಗೆ ಅಡ್ಡಲಾಗಿ ಮಣ್ಣಿನ ಚೀಲ ಪೇರಿಸಿ ಹಾಕುವ ತಾತ್ಕಾಲಿಕ ಒಡ್ಡು. ಕಾಸರಗೋಡಿನ ಏತಡ್ಕದ ಸಾಲು ಕಟ್ಟಗಳ ಸುದ್ದಿ ನೀವೂ ಕೇಳಿರಬಹುದು.

ಚೀಲ ಹುಡುಕುವ ಮೊದಲು ಎರಡೂ ದಡದವರನ್ನು ಮಾತಾಡಿಸಿ. ಬಾಯಿಮಾತು ಸಾಲದು. ಜಾಗಕ್ಕೇ ಕರೆದುಕೊಂಡು ಹೋಗಿ, ನೀರು ನಿಲ್ಲುವ ಎತ್ತರಕ್ಕೆ ದಡದಿಂದ ದಡಕ್ಕೆ ಹಗ್ಗ ಕಟ್ಟಿ ತೋರಿಸಿ. ತನ್ನ ಅಡಿಕೆ ಬುಡಕ್ಕೆ ನೀರು ಬರುತ್ತದಾ ಇಲ್ವಾ ಅಂತ ಅವರೇ ನೋಡಲಿ. ಬರುತ್ತದೆ ಅಂದರೆ ಹಗ್ಗ ಇಳಿಸಿ. ಪಂಚಾಯಿತಿಗೂ ಒಂದು ಮಾತು ತಿಳಿಸಿ.

ತೋಡು ಕಿರಿದಾಗಿ, ದಡ ಗಟ್ಟಿಯಾಗಿರುವ ಕಡೆ ಕಟ್ಟ ಹಾಕಿ. ಹರಿವು ಇಳಿದಿರಬೇಕು, ಆದರೆ ಪೂರ್ತಿ ನಿಂತಿರಬಾರದು. ಸಾಮಾನ್ಯವಾಗಿ ನವೆಂಬರ್ ಕೊನೆ, ಡಿಸೆಂಬರ್ ಸರಿಯಾದ ಸಮಯ. ತಡ ಮಾಡಿದರೆ ತುಂಬಲು ನೀರೇ ಇರುವುದಿಲ್ಲ.

ಅಡಿಪಾಯದಲ್ಲಿ ಅವಸರ ಬೇಡ. ತರಗೆಲೆ, ಸಡಿಲ ಮರಳು ಎಲ್ಲ ಎಳೆದುಹಾಕಿ, ಹಾರೆ ಠಣ್ ಅನ್ನುವಷ್ಟು ಗಟ್ಟಿ ನೆಲ ಸಿಗಬೇಕು. ಮರಳಿನ ಮೇಲೆ ಕಟ್ಟಿದರೆ ನೀರು ಅಡಿಯಿಂದ ನುಸುಳುತ್ತದೆ, ಎಷ್ಟು ಚೀಲ ಪೇರಿಸಿದರೂ ಅಷ್ಟೇ. ಹಳೆ ಗೊಬ್ಬರದ ಚೀಲಕ್ಕೆ ಮಣ್ಣು ಮರಳು ಮುಕ್ಕಾಲು ಭಾಗ ಮಾತ್ರ ತುಂಬಿ ಬಾಯಿ ಹೊಲಿಯಿರಿ. ಪೂರ್ತಿ ತುಂಬಿದ ಚೀಲ ಉರುಟಾಗಿ ಒಂದಕ್ಕೊಂದು ಕೂರುವುದಿಲ್ಲ, ಮುಕ್ಕಾಲು ತುಂಬಿದ್ದನ್ನು ತುಳಿದರೆ ಚಪ್ಪಟೆಯಾಗಿ ಸಂದು ಮುಚ್ಚುತ್ತದೆ. ಗೋಡೆಗೆ ಕಲ್ಲಿಡುವ ಹಾಗೆ ಸಂದಿನ ಮೇಲೆ ಚೀಲ ಬರುವಂತೆ ಪೇರಿಸಿ. ಬುಡ ಅಗಲ, ಮೇಲೆ ಕಿರಿದು. ನೀರು ನಿಲ್ಲುವ ಬದಿಗೆ ಟಾರ್ಪಾಲು ಹಾಸಿ, ಅದರ ಅಂಚನ್ನು ತಳದಲ್ಲೂ ಎರಡೂ ದಡದಲ್ಲೂ ಅಂಟುಮಣ್ಣಿನಲ್ಲಿ ಹೂತು ತುಳಿಯಿರಿ. ಮೇಲೆ ನಡುವಿನಲ್ಲಿ ಒಂದು ಚೀಲದಷ್ಟು ತಗ್ಗು ಬಿಡಿ. ತುಂಬಿದ ನೀರು ಅಲ್ಲಿಂದಲೇ ಇಳಿಯಲಿ, ಇಲ್ಲದಿದ್ದರೆ ದಡ ಕೊರೆಯುತ್ತದೆ.

ಎತ್ತರದ ಒಂದೇ ಕಟ್ಟಕ್ಕಿಂತ ಸಣ್ಣ ಸಣ್ಣ ನಾಲ್ಕು ಕಟ್ಟ ವಾಸಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಮೇಲಿನದರಿಂದ ಸೋರಿದ್ದು ಕೆಳಗಿನದರಲ್ಲಿ ನಿಲ್ಲುತ್ತದೆ, ತೋಡಿನ ಉದ್ದಕ್ಕೂ ನೆಲ ನೀರು ಕುಡಿಯುತ್ತದೆ, ಕೆಳಗಿನ ಮನೆಯವರಿಗೂ ಪಾಲು ಸಿಕ್ಕಿದ ಸಮಾಧಾನ ಇರುತ್ತದೆ.

ಆಮೇಲೆ ವಾರಕ್ಕೊಮ್ಮೆ ನೋಡಿಕೊಳ್ಳಿ. ಏಡಿ ತೂತು ಮಾಡಿದ್ದರೆ ಅಂಟುಮಣ್ಣು ತುರುಕಿದರೆ ಸಾಕು. ಮೇ ತಿಂಗಳಲ್ಲಿ, ಮಳೆಗಾಲ ಶುರುವಾಗುವ ಮೊದಲೇ ಕಟ್ಟ ಬಿಚ್ಚಬೇಕು. ಬಿಸಿಲಿಗೆ ಚಿಂದಿಯಾದ ಚೀಲ ಒಂದೂ ತೋಡಿನಲ್ಲಿ ಉಳಿಯಬಾರದು, ಎಣಿಸಿ ಇಟ್ಟು ಎಣಿಸಿಯೇ ತೆಗೆಯಿರಿ. ಟಾರ್ಪಾಲು ತೊಳೆದು ಒಣಗಿಸಿ ಯಾರದಾದರೂ ಅಟ್ಟಕ್ಕೆ ಹಾಕಿಡಿ, ಡಿಸೆಂಬರಿಗೆ ಮತ್ತೆ ಬೇಕು.