ಕಬ್ಬಿಣದ ಅತಿವಾಹಕದ ಎಕ್ಸ್‌ರೇ ಗದ್ದಲ ಇಳಿಸಿದ್ದು ಹೀಗೆ

ಬೆಳಗಾವಿಯ ನಮ್ಮ ಪ್ರಯೋಗಾಲಯದಲ್ಲಿ ಐರನ್ ಸೆಲೆನೈಡ್ ಎಂಬ ಅತಿವಾಹಕದ (ತೀರಾ ತಂಪಿನಲ್ಲಿ ತಡೆಯಿಲ್ಲದೆ ವಿದ್ಯುತ್ ಹರಿಸುವ ವಸ್ತು) ಪುಡಿಗೆ ಎಕ್ಸ್‌ರೇ ಹಾಯಿಸಿ ಪಡೆದ ನಕ್ಷೆಯ ಶಿಖರಗಳೆಲ್ಲ ದಪ್ಪ ಹಿನ್ನೆಲೆಯಲ್ಲಿ ಮುಳುಗಿಹೋಗಿದ್ದವು. “ಮಾದರಿಯೇ ಕೆಟ್ಟಿದೆ ಸರ್, ಮತ್ತೆ ಕುಲುಮೆಗೆ ಹಾಕೋಣ” ಎಂದ ವಿದ್ಯಾರ್ಥಿ. ನನಗೆ ಅನುಮಾನವಿದ್ದದ್ದು ಎಕ್ಸ್‌ರೇ ಹೊಮ್ಮಿಸುವ ತಾಮ್ರದ ಟ್ಯೂಬಿನ ಮೇಲೆ. ಅದರ ಕಿರಣದ ಶಕ್ತಿ ಸುಮಾರು 8.04 ಕಿಲೋ ಎಲೆಕ್ಟ್ರಾನ್ ವೋಲ್ಟ್. ಕಬ್ಬಿಣದ ಒಳಕವಚದ ಎಲೆಕ್ಟ್ರಾನನ್ನು ಹೊರದೂಡಲು 7.11 ಸಾಕು. ಹೀಗಾಗಿ ಕಬ್ಬಿಣ ತಾನೇ 6.4ರ ಕಿರಣ ಸೂಸಿ ಜಾತ್ರೆಯ ಗದ್ದಲ ಎಬ್ಬಿಸುತ್ತದೆ. ಕೋಬಾಲ್ಟ್ ಟ್ಯೂಬಿನ ಮುಖ್ಯ ಕಿರಣ 6.93, ಅದಿದ್ದರೆ ಈ ಕಾಟವಿಲ್ಲ. ಆದರೆ ಬೆಲೆ ಕೇಳಿದರೆ ಕಚೇರಿಯವರು ಕಡತವನ್ನೇ ಮುಚ್ಚುತ್ತಾರೆ! ಹಾಗಾಗಿ ಕಿರಣ ಎಣಿಸುವ ಡಿಟೆಕ್ಟರಿನ ಶಕ್ತಿಯ ಕೆಳಮಿತಿಯನ್ನು 7ಕ್ಕಿಂತ ತುಸು ಮೇಲಕ್ಕೆ ಏರಿಸಿದೆ. ಶಿಖರಗಳ ಎತ್ತರ ಸ್ವಲ್ಪ ತಗ್ಗಿತು, ಹಿನ್ನೆಲೆ ಮಾತ್ರ ನೆಲಕಚ್ಚಿತು.

ಆಮೇಲೆ ದ್ರವ ಸಾರಜನಕದಿಂದ ತಂಪು ಮಾಡಿದೆವು. ಸುಮಾರು 90 ಕೆಲ್ವಿನ್‌ನ ಕೆಳಗೆ ‘220’ ಎಂಬ ಶಿಖರ (ಅದು ಪರಮಾಣುಗಳ ಒಂದು ಸಾಲಿನ ಗುರುತು, ಎಣಿಕೆಯಲ್ಲ) ಅಗಲವಾಗಿ ಸೀಳತೊಡಗಿತು. ಅಂದರೆ ಪರಮಾಣುಗಳ ಚೌಕ ಜಾಲರಿ ಒಂದು ಬದಿಗೆ ಹಿಗ್ಗಿದೆ. ಕಬ್ಬಿಣದ ಡಿ-ಎಕ್ಸ್‌ಜೆಡ್, ಡಿ-ವೈಜೆಡ್ ಎಂಬ ಎರಡು ಕಕ್ಷಕಗಳು (ಎಲೆಕ್ಟ್ರಾನ್‌ಗಳು ಇರುವ ನೆಲೆಗಳು) ಇನ್ನು ಸರಿಸಮಾನವಲ್ಲ. ಅತಿವಾಹಕತೆ ಬರುವುದು ಇನ್ನೂ ಕೆಳಗೆ, 8 ಕೆಲ್ವಿನ್ ಸುಮಾರಿಗೆ. ಕಕ್ಷಕಗಳನ್ನೇ ಕೆದಕಲು ಧ್ರುವೀಕೃತ ಕಿರಣ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಕಿರಣ ಬೇಕು. ಅದಕ್ಕಾಗಿ ಇಂದೋರ್‌ನ ಸಿಂಕ್ರೊಟ್ರಾನ್ (ಎಲೆಕ್ಟ್ರಾನ್‌ಗಳನ್ನು ವೃತ್ತದಲ್ಲಿ ಓಡಿಸಿ ಪ್ರಖರ ಎಕ್ಸ್‌ರೇ ಪಡೆಯುವ ಯಂತ್ರ) ಇಂಡಸ್-2ಕ್ಕೆ ಅರ್ಜಿ ಹಾಕಿದ್ದೇವೆ.