‘ಇನ್ಸುಲೇಶನ್ ಸ್ಥಿತಿ: ಉತ್ತಮ’ ಎಂದು ಬರೆದದ್ದು ನಾನೇ

ಕರಾವಳಿಯ ಒಂದು ಪೆಟ್ರೋಕೆಮಿಕಲ್ ಸ್ಥಾವರದಲ್ಲಿ ನಾನು ಇನ್‌ಸ್ಪೆಕ್ಷನ್ ಎಂಜಿನಿಯರ್. ಮೊದಲೆಲ್ಲ ಸ್ಥಾವರ ನಿಲ್ಲಿಸಿ ದುರಸ್ತಿ ಮಾಡುವ ಶಟ್‌ಡೌನ್ ಬಂತೆಂದರೆ ವೆಸೆಲ್‌ಗಳನ್ನು ಸಾಲಾಗಿ ತೆರೆದು ನೋಡುತ್ತಿದ್ದೆವು. ಅಪಾಯ ಅಳೆದು ತಪಾಸಣೆ ಮಾಡಿ ಎನ್ನುವ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಮಾರ್ಗಸೂಚಿ, ಎಪಿಐ 580ರ ದಾರಿ ಹಿಡಿದ ಮೇಲೆ ಪ್ರತಿ ಉಪಕರಣಕ್ಕೂ ಎರಡೇ ಪ್ರಶ್ನೆ: ಇದು ಕೈಕೊಡುವ ಸಂಭವ ಎಷ್ಟು, ಕೊಟ್ಟರೆ ಆಗುವ ಅನಾಹುತ ಎಷ್ಟು? ಎರಡನ್ನೂ ಒಟ್ಟಿಗೆ ನೋಡಿ, ಅಪಾಯ ಹೆಚ್ಚಿರುವ ಕಡೆ ಮೊದಲು ಹೋಗುವುದು.

ಪೆಟ್ರೋಲಿನಂತೆ ಬೇಗ ಹೊತ್ತಿಕೊಳ್ಳುವ ನಾಫ್ತಾದ ಪಂಪಿಗೆ ಒಳಬರುವ ಕಡೆಯ ಸೋಸುಕ, ಅಂದರೆ ಸಕ್ಷನ್ ಸ್ಟ್ರೈನರ್‌ಗೆ ಎರಡಿಂಚಿನ ಒಂದು ಡ್ರೈನ್ ಪೈಪಿದೆ; ಅದರ ಸುತ್ತ ಇನ್ಸುಲೇಶನ್ ಉಣ್ಣೆ, ಮೇಲೆ ನೀರು ಹೋಗದಂತೆ ಸೀಲ್ ಮಾಡಿದ ತಗಡಿನ ಹೊದಿಕೆ. ನಮ್ಮ ಪಟ್ಟಿಯಲ್ಲಿ ಅದು ‘ಸಂಭವ ಅತಿ ಕಡಿಮೆ’ ಸಾಲಿನಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಹಿರಿಯ ಆಪರೇಟರ್ ಒಬ್ಬರು ಕರೆದರು: “ಸರ್, ಒಮ್ಮೆ ಬಂದು ನೋಡಿ ಮಾರಾಯ್ರೆ. ಆ ತಗಡಿನ ಸೀಲ್ ಹೋಗಿ ನಾಲ್ಕು ಮಳೆಗಾಲ ಆಯ್ತು.”

ತಗಡು ಬಿಚ್ಚಿದರೆ ಒಳಗಿನ ಉಣ್ಣೆ ಹಿಂಡಿದಷ್ಟೂ ನೀರು. ಪೈಪಿನ ಮೇಲೆ ತುಕ್ಕು ಹಪ್ಪಳದಂತೆ ಎದ್ದಿತ್ತು. ಒಳಗೆ ನಾಫ್ತಾ ಇರುವಾಗ ಅದನ್ನು ಕೆರೆಯಲು ನಾನು ಒಪ್ಪಲಿಲ್ಲ. ಸ್ಟ್ಯಾಂಡ್‌ಬೈ ಪಂಪ್ ಓಡಿಸಿ, ಈ ಲೈನನ್ನು ಮುಚ್ಚಿ ಖಾಲಿ ಮಾಡಿಸಿದ ಮೇಲೆಯೇ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜ್ ಇಟ್ಟದ್ದು. ಮೂಲ ದಪ್ಪ 5.5 ಮಿ.ಮೀ.; ಕೆಳಭಾಗದಲ್ಲಿ ಉಳಿದದ್ದು 2.3. ನಾವು ಇಟ್ಟುಕೊಂಡ ಕನಿಷ್ಠ ಮಿತಿ 1.8.

ಮುಂದಿನ ಶಟ್‌ಡೌನ್‌ಗೆ ಇನ್ನೂ ಒಂದೂವರೆ ವರ್ಷವಿತ್ತು. ಹಾಕಿ 14 ವರ್ಷವಾದ ಪೈಪು, ಸವೆದ 3.2 ಮಿ.ಮೀ.ಯನ್ನು 14ರಿಂದ ಭಾಗಿಸಿದರೆ ವರ್ಷಕ್ಕೆ 0.23. ಆ ಲೆಕ್ಕದಲ್ಲಿ ಎರಡು ವರ್ಷ ಧಾರಾಳ, ಶಟ್‌ಡೌನ್‌ವರೆಗೆ ನಡೆಯುತ್ತದೆ ಎಂದರು ಕೆಲವರು. ಆದರೆ ನೀರು ಒಳಹೊಕ್ಕದ್ದು ಸೀಲ್ ಹೋದ ಮೇಲಲ್ಲವೇ? ನಾಲ್ಕರಿಂದ ಭಾಗಿಸಿದರೆ ವರ್ಷಕ್ಕೆ 0.8. ಉಳಿದ ಅರ್ಧ ಮಿ.ಮೀ.ಗೆ ಎಂಟು ತಿಂಗಳೂ ಪೂರ್ತಿ ಇಲ್ಲ. ಪೈಪನ್ನು ಆ ವಾರವೇ ಬದಲಿಸಿದೆವು.

ಕಚೇರಿಗೆ ಬಂದು ಆ ಪೈಪಿನ ಮಾಹಿತಿ ಹಾಳೆ ತೆಗೆದೆ. ಇನ್ಸುಲೇಶನ್ ಸ್ಥಿತಿಯ ಮುಂದೆ ‘ಉತ್ತಮ’ ಎಂದು ನನ್ನದೇ ಅಕ್ಷರ. ಡ್ರಾಯಿಂಗ್ ನೋಡಿ, ಕುಳಿತಲ್ಲೇ ತುಂಬಿದ್ದೆ. ಸಾಫ್ಟ್‌ವೇರ್ ಅದನ್ನು ನಂಬಿ ಸಂಭವದ ಲೆಕ್ಕ ಹಾಕಿತ್ತು, ಅಷ್ಟೇ.

ಈಗ ನಮ್ಮ ಹಾಳೆಯಲ್ಲಿ ‘ಯಾರು, ಯಾವಾಗ ಕಣ್ಣಾರೆ ನೋಡಿದರು’ ಎಂಬ ಅಂಕಣವಿದೆ. ಅದು ಖಾಲಿಯಿದ್ದರೆ ಸಂಭವವನ್ನು ‘ಹೆಚ್ಚು’ ಎಂದೇ ಹಿಡಿಯುತ್ತೇವೆ. ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಆಪರೇಟರ್‌ಗಳ ಜೊತೆ ಡ್ರೈನ್, ವೆಂಟ್‌ಗಳ ಸೀಲ್ ನೋಡುತ್ತ ನಡೆಯುತ್ತೇನೆ. ಮೊದಲ ವರ್ಷವೇ ಅಂಥವು ಇನ್ನೆರಡು ಸಿಕ್ಕವು.