ಮೊದಲ ದೋಣಿಯನ್ನು ತೂಕ ಹಾಕಿ ತಗೊಂಡೆ

ಹಳೆ ಫೈಬರ್ ದೋಣಿಯನ್ನು ಲಾರಿ ತೂಗುವ ವೇಬ್ರಿಡ್ಜ್‌ಗೆ ಒಯ್ದು ತೂಕ ಹಾಕಿಸಿ ಆಮೇಲೆ ರೇಟು ಮಾತಾಡಿದೆ ಅಂದಾಗ ಹೊನ್ನಾವರ ಬಂದರಿನಲ್ಲಿ ನಗದವರಿಲ್ಲ. ಆ ದೋಣಿ ಈಗ ನನ್ನ ಕೈಯಲ್ಲಿ ನಾಲ್ಕನೇ ಮಳೆಗಾಲ ಕಳೆಯುತ್ತಿದೆ. ತಳ ಒಣಗಿದೆ, ಎಂಜಿನ್ ಕೂರುವ ಹಿಂಬದಿ ಹಲಗೆ ಕಲ್ಲಿನ ಹಾಗಿದೆ. ಅದಕ್ಕೇ ಇಷ್ಟು ಧೈರ್ಯದಿಂದ ಬರೆಯುತ್ತಿದ್ದೇನೆ.

ನಮ್ಮ ಒಂದೂವರೆ ಎಕರೆ ತೋಟ ಶರಾವತಿ ಹೊಳೆಯ ನಡುವಿನ ಕುರ್ವೆಯಲ್ಲಿ, ಅಂದರೆ ನಡುಗಡ್ಡೆಯಲ್ಲಿದೆ. ಕಾಯಿ ಕೊಯ್ದ ವಾರ ಬಾಡಿಗೆ ದೋಣಿಗೇ ಎರಡು ಸಾವಿರ ಹೋಗುತ್ತಿತ್ತು. ಹುಟ್ಟು ಹಾಕುವುದು ಚಿಕ್ಕಂದಿನಿಂದ ಗೊತ್ತು. ಎಂಜಿನ್ ದೋಣಿ ಮಾತ್ರ ಮುಟ್ಟಿದವನಲ್ಲ.

ಮೊದಲ ಸಲ ಚೆನ್ನಾಗಿ ಮೋಸ ಹೋದೆ. ಹೊಳೆ ಕಡಲು ಸೇರುವ ಅಳಿವೆ ಹತ್ತಿರ 16 ಅಡಿಯ ಒಂದು ದೋಣಿ, ಹೊಸ ನೀಲಿ ಬಣ್ಣ, ಎಂಜಿನ್ ಸಮೇತ 1.10 ಲಕ್ಷ. ಹಗ್ಗ ಒಂದೇ ಸಲ ಎಳೆದದ್ದು, ಎಂಜಿನ್ ಶುರು. ರೈಲ್ವೆ ಸೇತುವೆವರೆಗೆ ಹೋಗಿ ಬಂದೆವು. ಖುಷಿಯಲ್ಲಿ ಅಲ್ಲೇ 10,000 ಅಡ್ವಾನ್ಸ್ ಕೊಟ್ಟೆ. ಮರುದಿನ ದೋಣಿ ನಡೆಸಿ ಪಳಗಿದ ನಮ್ಮೂರಿನ ಹಳೆ ತಾಂಡೇಲರನ್ನು ಕರೆದುಕೊಂಡು ಹೋದೆ. ಅವರು ಸ್ಕ್ರೂಡ್ರೈವರ್ ಹಿಡಿಯಿಂದ ಹಿಂಬದಿ ಹಲಗೆ ಬಡಿದರು. ಮೇಲೆ ಟಣ್ ಟಣ್, ಬೋಲ್ಟಿನ ಕೆಳಗೆ ದಬ್ ದಬ್, ಅಂದರೆ ಒಳಗಿನ ಹಲಗೆ ಕೊಳೆತಿದೆ. ಹಲಸಿನಕಾಯಿ ಬಡಿದು ನೋಡಿದವರಿಗೆ ಆ ವ್ಯತ್ಯಾಸ ಹೇಳಿಕೊಡಬೇಕಿಲ್ಲ. "ಹೆಗಡೇರೇ, ನಿನ್ನೆ ನೀವು ಹೋಗುವಾಗ ಎಂಜಿನ್ ಮುಟ್ಟಿ ನೋಡಿದ್ರಾ? ಬಿಸಿ ಇತ್ತಾ?" ಅಂತ ಕೇಳಿದರು. ಮುಟ್ಟಿರಲಿಲ್ಲ. ನಾನು ಬರುವ ಮೊದಲೇ ಒಂದು ಸಲ ಶುರು ಮಾಡಿ ಇಟ್ಟಿದ್ದರೆ ಒಂದೇ ಎಳೆತಕ್ಕೆ ಶುರುವಾಗದೆ ಇನ್ನೇನು? ಅಡ್ವಾನ್ಸ್‌ನಲ್ಲಿ 4,000 ವಾಪಸ್ ಬಂತು. ಉಳಿದದ್ದು ಹೋಯಿತು.

ಆಮೇಲೆ ಎರಡು ನಿಯಮ ಮಾಡಿಕೊಂಡೆ. ದೋಣಿ ಬೇರೆ, ಎಂಜಿನ್ ಬೇರೆ ತಗೊಳ್ಳಬೇಕು. ದೋಣಿಯನ್ನು ನೀರಿನಲ್ಲಿ ನೋಡಬಾರದು, ದಡದ ಮೇಲೆ ನೋಡಬೇಕು. ಜೂನ್ 1ಕ್ಕೆ ಯಾಂತ್ರಿಕ ಬೋಟುಗಳ ಮೀನುಗಾರಿಕೆ ನಿಷೇಧ ಶುರುವಾಗುತ್ತದೆ. ಕಡಲು ಎದ್ದಿರುವಾಗ ಎಷ್ಟೋ ಸಣ್ಣ ದೋಣಿಗಳೂ ದಡ ಹತ್ತುತ್ತವೆ. ಸುರಿವ ಮಳೆಯಲ್ಲಿ ಯಾರೂ ದೋಣಿ ಕೊಳ್ಳಲು ಬರುವುದಿಲ್ಲ. ರೇಟು ಇಳಿಯುವುದು ಆಗಲೇ. ನಾನು ಜೂನ್ ಎರಡನೇ ವಾರ ಹೊರಟೆ.

18 ಅಡಿಯ ಫೈಬರ್ ದೋಣಿ ಸಿಕ್ಕಿತು. ಮಾಲೀಕರ ಲೆಕ್ಕದಲ್ಲಿ ಹನ್ನೆರಡು ವರ್ಷ ಹಳೆಯದು, ಎಂಜಿನ್ ಇಲ್ಲ. 85,000 ಹೇಳಿದರು. ತಳ ಇಂಚಿಂಚು ಬಡಿದೆ. ಫೈಬರ್ ಗಟ್ಟಿ ಇತ್ತು. ಹಿಂಬದಿ ಹಲಗೆ ಹೋಗಿದೆ ಅಂತ ಗೊತ್ತಾಯಿತು. ಆದರೆ ನನಗೆ ಬೇಕಾಗಿದ್ದದ್ದು ಬೇರೆ ಉತ್ತರ. ದೋಣಿ ಮುಳುಗದಿರಲಿ ಅಂತ ತಳದ ಹಲಗೆಯ ಅಡಿ ತುಂಬಿರುವ ಫೋಮ್ ಎಷ್ಟು ನೀರು ಕುಡಿದಿದೆ? ಅದು ಬಡಿದರೆ ತಿಳಿಯುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ತೂಕ ಮಾತ್ರ ಸುಳ್ಳು ಹೇಳುವುದಿಲ್ಲ ಅಂತ ಹೊಳೆದದ್ದು ಅಡಿಕೆ ವ್ಯಾಪಾರದಿಂದ. ಹಸಿ ಅಡಿಕೆ ಯಾವುದು ಅಂತ ಚೀಲ ಎತ್ತಿದರೇ ಗೊತ್ತಾಗುತ್ತದೆ ಅಲ್ವಾ?

"ದೋಣಿ ಎಂತ ಗುಜರಿ ಸಾಮಾನಾ, ತೂಕ ಹಾಕೂಕೆ?" ಅಂದರು ಮಾಲೀಕರು. ಪಿಕಪ್ ಬಾಡಿಗೆ ನನ್ನದು ಅಂದ ಮೇಲೆ ಒಪ್ಪಿದರು.

ಮೊದಲ ತೂಕ 480 ಕೆಜಿ ಬಂತು. ನನಗೆ ಎದೆ ಧಸಕ್ಕೆಂದಿತು. ಇಂಥದೇ ದೋಣಿ ಮಾಡುವವರನ್ನು ಮೊದಲೇ ವಿಚಾರಿಸಿದ್ದೆ, ಹೊಸದು 280ರ ಆಸುಪಾಸು ಅಂದಿದ್ದರು. ಆಮೇಲೆ ನೋಡಿದರೆ ದೋಣಿಯೊಳಗೆ ಮುಕ್ಕಾಲು ಇಂಚು ಮಳೆನೀರು ನಿಂತಿತ್ತು! ಅಷ್ಟಗಲದ ತಳದಲ್ಲಿ ಅಷ್ಟೇ ನೀರು ನೂರು ಕೆಜಿ ಆಗುತ್ತದೆ. ಬಿರಡೆ ತೆಗೆದು, ನೀರು ಬಸಿದು, ಗೋಣಿಚೀಲದಲ್ಲಿ ಒರೆಸಿ, ಟರ್ಪಾಲು ಮುಚ್ಚಿ ಮತ್ತೆ ಹತ್ತಿಸಿದೆವು. ಡ್ರೈವರ್ ಈ ಸಲವೂ ಕೆಳಗಿಳಿದ. 380. ಖಾಲಿ ಪಿಕಪ್ಪನ್ನು ಅದೇ ಹೊತ್ತಿಗೆ, ಅದೇ ಡೀಸೆಲ್‌ನಲ್ಲಿ ತೂಗಬೇಕು, ಇದು ಮರೆಯಬೇಡಿ. ವೇಬ್ರಿಡ್ಜ್ ಹತ್ತು ಕೆಜಿ ಆಚೀಚೆ ಹೇಳುತ್ತದೆ, ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಅಂದರೆ ನೂರು ಲೀಟರ್ ನೀರು ದೋಣಿಯ ಹೊಟ್ಟೆಯೊಳಗೇ ಇದೆ. ಚೀಟಿ ಮುಂದಿಟ್ಟೆ. ಅರ್ಧ ತಾಸು ಮಾತಾಡಿ 46,000ಕ್ಕೆ ಮುಗಿಯಿತು. ತಾಂಡೇಲರು ಮಾತ್ರ "ನೀರು ಕುಡಿದದ್ದು ಗೊತ್ತಿದ್ದೂ ತಗೊಂಡ್ರಾ?" ಅಂತ ಬೇಸರ ಮಾಡಿಕೊಂಡರು. ನೀರು ಎಷ್ಟಿದೆ ಅಂತ ಗೊತ್ತಿದ್ದರೆ ಖರ್ಚು ಎಷ್ಟು ಅಂತಲೂ ಗೊತ್ತಾಗುತ್ತದೆ ಅನ್ನೋದು ನನ್ನ ವಾದ. ಗೊತ್ತಿಲ್ಲದೆ ತಗೊಂಡರೆ ಮಾತ್ರ ನಷ್ಟ.

ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆ ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತದೆ. ದೋಣಿ ಅಲ್ಲಿ ಸೇರಿತು. ಒಳಗಿನಿಂದ ಗ್ರೈಂಡರ್ ಹಾಕಿ ಹಲಗೆ ಬಿಚ್ಚಿದೆ. ಪ್ಲೈವುಡ್ ಕಪ್ಪಾಗಿ, ಬೆರಳಲ್ಲಿ ಹಿಚುಕಿದರೆ ನೆಂದ ಚಹಾಪುಡಿಯ ಹಾಗೆ ಪುಡಿಯಾಯಿತು. ಎಂಜಿನ್ ಬೋಲ್ಟಿನ ತೂತುಗಳಿಗೆ ಯಾರೂ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟುದ್ರವ) ಹಚ್ಚಿರಲಿಲ್ಲ. ಮಳೆನೀರು ಇಳಿದದ್ದು ಅಲ್ಲಿಂದಲೇ. ಉಪ್ಪುನೀರಿಗಿಂತ ಮಳೆನೀರೇ ಮರವನ್ನು ಬೇಗ ಕೊಳೆಸುತ್ತದೆ.

ಫೋಮ್ ಒಣಗೀತು ಅಂತ ನಂಬಿದ್ದೆ. ಒಂದು ತುಂಡು ಕೊಯ್ದು ಅಡುಗೆಮನೆ ತಕ್ಕಡಿಯಲ್ಲಿಟ್ಟೆ, 900 ಗ್ರಾಂ. ಆಗೀಗ ಬಿಸಿಲು ಬಿದ್ದಾಗ ಆ ಮನೆಯೊಳಗೆ ನಿಲ್ಲಲಾಗದಷ್ಟು ಸೆಕೆ. ಆದರೂ ಮೂರು ವಾರದ ನಂತರ 840. ಫೋಮ್ ನೀರು ಕುಡಿದರೆ ಮತ್ತೆ ಬಿಡುವುದಿಲ್ಲ, ಸುಮ್ನೆ ಕಾಯಬೇಡಿ. ಕತ್ತಿ, ಕರಗಸ ಹಿಡಿದು ಹದಿನೈದು ದಿನ ಪೂರ್ತಿ ಕೆರೆದು ತೆಗೆದೆ. ಅದರ ಜಾಗಕ್ಕೆ ಮುಚ್ಚಳ ಬಿಗಿಯಾದ 20 ಲೀಟರ್ ಕ್ಯಾನು ಹನ್ನೆರಡು ತುಂಬಿದೆ. ಅವು ನೀರು ಹೀರುವುದಿಲ್ಲ, ವರ್ಷಕ್ಕೊಮ್ಮೆ ತೆಗೆದು ಒಳಗೆ ನೋಡಲೂಬಹುದು.

ಆಮೇಲಿನದು ದೊಡ್ಡ ಎಡವಟ್ಟು. ಮರದ ದೋಣಿಗೆ ಗೇರುಬೀಜದ ಸಿಪ್ಪೆ ಎಣ್ಣೆ ಹಚ್ಚುವುದು ನಮ್ಮ ಕರಾವಳಿಯ ಹಳೆ ಪದ್ಧತಿ. ನೀರು ತಡೆಯುವ ಹೊಸ ಮರೀನ್ ಪ್ಲೈವುಡ್‌ಗೂ ಎರಡು ಕೋಟು ಹಚ್ಚಿದೆ, ಇನ್ನೂ ಬಾಳಿಕೆ ಬರಲಿ ಅಂತ. ಮೇಲೆ ಗಾಜಿನ ಎಳೆಯ ಮ್ಯಾಟು, ರೆಸಿನ್ ಹಾಕಿದೆ. ಮೇಲ್ಮೈ ಗಟ್ಟಿಯಾಯಿತು, ಪ್ಲೈಗೆ ತಾಗಿದ ಪದರ ನಾಲ್ಕು ದಿನವಾದರೂ ಹಸಿ ಬೆಲ್ಲದ ಪಾಕದಂತೆ ಅಂಟಂಟಾಗೇ ಇತ್ತು. ಕೊನೆಗೆ ಕೈಯಲ್ಲೇ ಸುಲಿದು ಬಂತು. ಆ ಎಣ್ಣೆಯಲ್ಲಿರುವ ಫಿನಾಲ್ ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗಲು ಬಿಡುವುದಿಲ್ಲ. ಇದು ಆಮೇಲೆ ತಿಳಿಯಿತು. 9,000 ರೂಪಾಯಿ ಮಾಲು ಹಾಳಾಯಿತು.

ಅಕ್ಟೋಬರ್ ಕೊನೆಗೆ, ಗಾಳಿಯ ತೇವ ಇಳಿದ ಮೇಲೆ, ಹೊಸ ಪ್ಲೈನಲ್ಲಿ ಮತ್ತೆ ಶುರು ಮಾಡಿದೆ. ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ದ್ರಾವಣ ಮೊದಲು ರೆಸಿನ್‌ಗೆ ಕಲಸಿ, ಗಟ್ಟಿ ಮಾಡುವ ಹಾರ್ಡನರ್ ಕೊನೆಗೆ. ಅವೆರಡನ್ನು ನೇರ ಸೇರಿಸಿದರೆ ಬೆಂಕಿಯೇ ಹತ್ತಬಹುದು. ಪ್ಲೈ ಹಳೆ ಫೈಬರ್‌ಗೆ ಗಾಳಿಗುಳ್ಳೆ ಇಲ್ಲದೆ ಕಚ್ಚಬೇಕು, ಇಡೀ ಕೆಲಸ ನಿಂತಿರುವುದು ಅದರ ಮೇಲೆ. ಅದನ್ನು ಹೇಗೆ ಒತ್ತಿ ಹಿಡಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಕ್ಲಾಂಪ್ ಬಳಸಲಿಲ್ಲ ಅಂತ ಮಾತ್ರ ಹೇಳುತ್ತೇನೆ.

ಎಂಜಿನ್‌ಗೆ ಮೂರು ಕಡೆ ಹೋದೆ. ಫೋನಿನಲ್ಲೇ ಹೇಳಿಬಿಡುತ್ತಿದ್ದೆ, ನಾನು ಬರುವವರೆಗೆ ಶುರು ಮಾಡಬೇಡಿ ಅಂತ. ಹೋದ ಕೂಡಲೇ ಮೊದಲು ಮುಟ್ಟಿ ನೋಡುವುದು. ಒಂದು ಕಡೆ ಬಿಸಿ ಇತ್ತು, ಅಲ್ಲಿಂದಲೇ ತಿರುಗಿ ಬಂದೆ. ಇನ್ನೊಂದರ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ (ಪಿಎಸ್‌ಐ ಲೆಕ್ಕದಲ್ಲಿ), ಒಂದು ಸಿಲಿಂಡರ್‌ನಲ್ಲಿ 115, ಇನ್ನೊಂದರಲ್ಲಿ 80. ಗೇರ್ ಆಯಿಲ್ ಕೂಡ ಹಾಲಿನ ಹಾಗೆ ಬೆಳ್ಳಗೆ, ಅಂದರೆ ಸೀಲ್ ಹೋಗಿ ನೀರು ನುಗ್ಗಿದೆ. ಮೂರನೆಯದು 9.9 ಎಚ್‌ಪಿ ಟೂ ಸ್ಟ್ರೋಕ್, ಎರಡೂ ಸಿಲಿಂಡರ್ 105, 110ರ ಹತ್ತಿರ. ತಣ್ಣಗಿದ್ದ ಎಂಜಿನ್ ನಾಲ್ಕನೇ ಎಳೆತಕ್ಕೆ ಶುರುವಾಯಿತು. ನನಗೆ ಅದೇ ಇಷ್ಟವಾಯಿತು. 68,000. ಸೀಮೆಎಣ್ಣೆಯಲ್ಲಿ ಓಡಿದ ಎಂಜಿನ್, ಒಳಗೆ ಇದ್ದಿಲು ಕಟ್ಟಿತ್ತು, ಬಿಚ್ಚಿ ಕೆರೆಸಿದೆ. ಈಗ ಪೆಟ್ರೋಲಿನಲ್ಲೇ ಓಡಿಸುತ್ತೇನೆ. ಬೇಸಿಗೆಯಲ್ಲಿ ಹೊಳೆ ಉಪ್ಪಾಗುವಾಗ ಪ್ರತಿ ಸಲ ಬಂದ ಮೇಲೆ ಡ್ರಮ್ಮಿನ ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸುವುದು ತಪ್ಪಿಸಿಲ್ಲ.

ಓಡಾಟಕ್ಕೆ ಇಳಿಸುವ ಮೊದಲು ಇನ್ನೊಂದು ಪ್ರಯೋಗ ಮಾಡಿದೆ. ಎಂಜಿನ್ ಜಾಗಕ್ಕೆ ಅಷ್ಟೇ ಭಾರದ ಮರಳುಚೀಲ ಕಟ್ಟಿ, ಸೊಂಟದ ಮಟ್ಟದ ನೀರಿನಲ್ಲಿ ದೋಣಿ ಮುಳುಗುವಷ್ಟು ನೀರು ತುಂಬಿದೆ. ಅಂಚು ನೀರಿನ ಮಟ್ಟಕ್ಕೆ ಬಂದು ನಿಂತಿತು, ಮುಳುಗಲಿಲ್ಲ. ನಾವು ಮೂವರು ಹಿಡಿದುಕೊಂಡು ತೇಲಿದೆವು. ಹೆಂಡತಿ ದಡದಲ್ಲಿ ನಿಂತು ಇದನ್ನೆಲ್ಲ ನೋಡಿದ ಮೇಲೇ ಮಗನನ್ನು ದೋಣಿಯಲ್ಲಿ ಕಳಿಸಲು ಒಪ್ಪಿದಳು. ಲೈಫ್ ಜಾಕೆಟ್ ಇಲ್ಲದೆ ಈಗಲೂ ಯಾರನ್ನೂ ಹತ್ತಿಸುವುದಿಲ್ಲ. ಅಳಿವೆ ಕಡೆಗಂತೂ ಹೋಗುವುದೇ ಇಲ್ಲ. ಅಲ್ಲಿನ ಮರಳದಿಬ್ಬ ನನ್ನಂಥ ಹೊಸಬರಿಗಲ್ಲ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಸಾವಿರದ ಲೆಕ್ಕದಲ್ಲಿ ದೋಣಿ 46, ಎಂಜಿನ್ 68, ರೆಸಿನ್, ಮ್ಯಾಟು, ಪ್ಲೈ 28, ಹಾಳಾದ ಮಾಲು 9, ಇಂಪೆಲ್ಲರ್, ಪ್ಲಗ್, ಕೇಬಲ್ ಎಲ್ಲ 6, ಸಾಗಾಟ, ತೂಕಕ್ಕೆ ಮೂರೂವರೆ, ಕಾಗದಪತ್ರಕ್ಕೆ ಓಡಾಟ ಸೇರಿ 4. ಕಳೆದುಕೊಂಡ ಅಡ್ವಾನ್ಸ್ ಸೇರಿಸಿದರೆ 1.7 ಲಕ್ಷದ ಹತ್ತಿರ. ಎಲ್ಲ ಹೊಸದಾಗಿ ತಗೊಂಡರೆ ಮೂರೂವರೆ ಲಕ್ಷ ಅಂತ ನನಗೆ ಹೇಳಿದ್ದರು. ನನ್ನ ಕೂಲಿ ಇದರಲ್ಲಿ ಹಿಡಿದಿಲ್ಲ. ಕಾಗದದಲ್ಲಿ ಒಂದು ಮಾತು, ದೋಣಿಯ ನಂಬರು, ಎಂಜಿನ್ ನಂಬರು ಎರಡನ್ನೂ ಕಣ್ಣಾರೆ ಹೋಲಿಸಿ ನೋಡಿ, ಸಾಲ ಬಾಕಿ ಇದೆಯಾ ಕೇಳಿ.

ಕೆಲಸ ಮುಗಿದ ದಿನ ತೂಕ 310 ಇತ್ತು. ಮರುವರ್ಷ ಜೂನ್‌ನಲ್ಲಿ ದಡಕ್ಕೆ ಎಳೆದಾಗ 310. ಅದರ ಮುಂದಿನ ಜೂನ್ 310. ಈ ಸಲವೂ ಅಷ್ಟೇ. ನಾಲ್ಕೂ ಚೀಟಿ ಅಟ್ಟದ ಡಬ್ಬಿಯಲ್ಲಿವೆ. ಈ ವರ್ಷ ಪಿಕಪ್ ತಂದದ್ದು ತಾಂಡೇಲರು. ನನ್ನದು ಇಳಿಸಿದ ಮೇಲೆ ತಮ್ಮದನ್ನೂ ಹತ್ತಿಸಿದರು. ಇರಬೇಕಾದ್ದಕ್ಕಿಂತ 60 ಕೆಜಿ ಜಾಸ್ತಿ ಬಂತು. ಅಡಿಕೆ ಕೊಯ್ಲಿನವರೆಗೆ ಪ್ಲಾಸ್ಟಿಕ್ ಮನೆ ಖಾಲಿ ಇದೆ ಅಂದಿದ್ದೇನೆ. ಬರುವ ವಾರ ಗ್ರೈಂಡರ್ ತರುತ್ತಾರಂತೆ.